ತಿಂಗಳು ತುಂಬದ ಕೂಸು ಮತ್ತು ಅದರ ಮೆದುಳು



ಶೈಕ್ಷಣಿಕ ಸಂಸ್ಥೆಯ ಸಭೆಯಲ್ಲಿ ಮಕ್ಕಳ ಡಾಕ್ಟರಿಗೇನು ಕೆಲಸ ಎಂದು ಕೆಲವರಿಗೆ ಅನಿಸಿರಬಹುದು. ಬರೆಯಲು ಕೈ ತಿರುಗದ, ಓಡುವಾಗ ಮುಗ್ಗರಿಸುವ, ಪಾಠ ಹಿಡಿಯಲು ತಡವಾಗುವ ಕೆಲವು ಮಕ್ಕಳ ಕಷ್ಟ ಶಾಲೆಯಲ್ಲಿ ಶುರುವಾದದ್ದಲ್ಲ, ಹೆರಿಗೆ ಕೋಣೆಯಲ್ಲೇ ಶುರುವಾದದ್ದು. ಅದಕ್ಕಾಗಿ ಬಂದಿದ್ದೇನೆ.

37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತೇವೆ. 2020ರಲ್ಲಿ ಜಗತ್ತಿನಲ್ಲಿ ಇಂತಹ 1 ಕೋಟಿ 34 ಲಕ್ಷ ಶಿಶುಗಳು ಹುಟ್ಟಿದವೆಂದು ಅಂದಾಜು. ಅವುಗಳಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು. ಪವಿತ್ರ ಕುರ್‌ಆನಿನಲ್ಲಿ ಗರ್ಭ ಮತ್ತು ಹಾಲೂಡುವ ಅವಧಿ ಸೇರಿ ಮೂವತ್ತು ತಿಂಗಳೆಂದೂ, ಹಾಲೂಡುವುದು ಎರಡು ವರ್ಷವೆಂದೂ ಬಂದಿರುವುದನ್ನು ಲೆಕ್ಕ ಹಾಕಿ, ಗರ್ಭದ ಕನಿಷ್ಠ ಅವಧಿ ಆರು ತಿಂಗಳೆಂದು ವಿದ್ವಾಂಸರು ತೀರ್ಮಾನಿಸಿದ್ದರು. ಇದನ್ನು ಉಲೆಮಾಗಳು ನನಗಿಂತ ಚೆನ್ನಾಗಿ ವಿವರಿಸಬಲ್ಲರು. ಇಂದು ಅಂತಹ ಎಷ್ಟೋ ಮಕ್ಕಳು ಬದುಕಿ ಮನೆಗೆ ಹೋಗುತ್ತಾರೆ. ಅನಂತರ ಹೇಗೆ ಬೆಳೆಯುತ್ತಾರೆ ಎಂಬುದೇ ನಮ್ಮ ಚಿಂತೆ.

ಮೆದುಳಿನ ಒಳಭಾಗ ಬಿಳಿಯಾಗಿ ಕಾಣುತ್ತದೆ. ಅದು ನರತಂತುಗಳ ಕಟ್ಟು. ಕರೆಂಟ್ ವಯರಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ಈ ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಅದಿದ್ದರೆ ಸಂದೇಶ ವೇಗವಾಗಿ ಹರಿಯುತ್ತದೆ. ಹೊದಿಕೆ ಸುತ್ತುವ ಜೀವಕೋಶದ ಹೆಸರು ಆಲಿಗೋಡೆಂಡ್ರೋಸೈಟ್. ಹೆಸರು ಮರೆತರೂ ತೊಂದರೆಯಿಲ್ಲ, ಸುತ್ತುವ ಕೋಶ ಎಂದುಕೊಳ್ಳಿ. ಗರ್ಭದ 23ರಿಂದ 32ನೇ ವಾರದವರೆಗೆ ಈ ಕೋಶಗಳು ಬಹುಪಾಲು ಎಳೆಯವು. ರಕ್ತ ಪೂರೈಕೆ ತಗ್ಗಿದರೆ, ಆಮ್ಲಜನಕ ಏರುಪೇರಾದರೆ, ತಾಯಿಗೋ ಮಗುವಿಗೋ ಸೋಂಕು ತಗುಲಿದರೆ ಮೊದಲು ಪೆಟ್ಟು ತಿನ್ನುವವು ಇವೇ. ಕಾಲಿಗೆ ಹೋಗುವ ತಂತುಗಳು ಮೆದುಳಿನ ನಡುವಿನ ದ್ರವದ ಕೋಣೆಗಳ ಪಕ್ಕದಲ್ಲೇ ಸಾಗುತ್ತವೆ, ಪೆಟ್ಟು ಬೀಳುವುದೂ ಹೆಚ್ಚಾಗಿ ಅಲ್ಲೇ. ಆದ್ದರಿಂದ ಈ ಮಕ್ಕಳಲ್ಲಿ ಕೈಗಿಂತ ಕಾಲು ಹೆಚ್ಚು ಬಿಗಿಯಾಗುತ್ತದೆ. ಬೇಗ ಹುಟ್ಟುವುದಕ್ಕೂ ಈ ಬಿಗಿತಕ್ಕೂ ಸಂಬಂಧವಿದೆಯೆಂದು ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ 1861ರಲ್ಲೇ ಹೇಳಿದ್ದರು.

ಈ ಕೋಶಗಳು ಸತ್ತೇ ಹೋಗುತ್ತವೆ, ಮುಂದೆ ಮಾಡುವುದೇನೂ ಇಲ್ಲ ಎಂದು ಬಹುಕಾಲ ನಂಬಿದ್ದೆವು. ಅಮೆರಿಕದ ಒರೆಗಾನಿನ ಸ್ಟೀಫನ್ ಬ್ಯಾಕ್ ಮತ್ತು ಸಂಗಡಿಗರ ಸಂಶೋಧನೆ ಬೇರೆಯದನ್ನೇ ತೋರಿಸಿತು. ಸತ್ತ ಕೋಶಗಳ ಜಾಗಕ್ಕೆ ಹೊಸ ಎಳೆಯ ಕೋಶಗಳು ಬರುತ್ತವೆ. ಆದರೆ ಅವು ಬಲಿಯದೆ ಅರ್ಧದಲ್ಲೇ ನಿಂತುಬಿಡುತ್ತವೆ. ನಿಂತವುಗಳನ್ನು ಮುಂದಕ್ಕೆ ಹೊರಡಿಸುವ ಔಷಧಿಯ ಹುಡುಕಾಟ ನಡೆದಿದೆ, ಕೈಗೆ ಇನ್ನೂ ಬಂದಿಲ್ಲ. ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಗುಣಪಡಿಸುತ್ತೇವೆಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ದಯವಿಟ್ಟು ಅದಕ್ಕಾಗಿ ಮನೆ, ಒಡವೆ ಮಾರಬೇಡಿ.

ಈಗ ಕೈಯಲ್ಲಿರುವುದು ಏನು? ತಿಂಗಳು ತುಂಬುವ ಮೊದಲೇ ನೋವು ಬಂದರೆ, ನೀರು ಹೋದರೆ ಬೆಳಗಾಗಲಿ ಎಂದು ಕಾಯಬೇಡಿ. 34 ವಾರದೊಳಗೆ ಹೆರಿಗೆಯಾಗುವಂತಿದ್ದರೆ ತಾಯಿಗೆ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದು ಮಗುವಿನ ಶ್ವಾಸಕೋಶ ಬಲಿಯಲು ನೆರವಾಗುತ್ತದೆ, ಮೆದುಳಿನ ರಕ್ತಸ್ರಾವವನ್ನೂ ತಗ್ಗಿಸುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಇದನ್ನು 1972ರಲ್ಲಿ ಪ್ರಕಟಿಸಿದರು. ಇನ್ನೂ ಮುಂಚಿನ ಹೆರಿಗೆಯಾದರೆ ಮೆಗ್ನೀಶಿಯಂ ಸಲ್ಫೇಟ್ ಕೊಡುವುದೂ ಉಂಟು. ಅದರಿಂದ ಮೆದುಳಿನ ಪೆಟ್ಟಿನಿಂದ ಬರುವ ಈ ಬಿಗಿತ, ಅಂದರೆ ಸೆರೆಬ್ರಲ್ ಪಾಲ್ಸಿ, ಕಡಿಮೆಯಾಗುತ್ತದೆ. ನವಜಾತ ಶಿಶು ಘಟಕವಿರುವ ಆಸ್ಪತ್ರೆಗೆ ಮಗು ಹೊಟ್ಟೆಯಲ್ಲಿರುವಾಗಲೇ ಹೋಗಿ. ಹುಟ್ಟಿದ ಮೇಲೆ ಜೀಪಿನಲ್ಲಿ ಕುಲುಕಾಡಿಸಿ ತರುವುದಕ್ಕೂ ಇದಕ್ಕೂ ಅಜಗಜಾಂತರ.

ಏಳನೆಯ ದಿನ ಅಕೀಕಾ ಇದೆ, ಡಿಸ್ಚಾರ್ಜ್ ಮಾಡಿ ಎಂದು ನನ್ನಲ್ಲಿ ಜಗಳವಾಡಿದವರಿದ್ದಾರೆ. ಮಗು ಆಸ್ಪತ್ರೆಯಲ್ಲಿದ್ದಾಗಲೂ ಅಕೀಕಾ ಮಾಡಬಹುದಲ್ಲವೇ? ಅದಕ್ಕೆ ಬೇಕಾದದ್ದು ತಾಯಿಯ ಹಾಲು, ತಾಯಿಯ ಎದೆಯ ಬಿಸಿ, ಸೋಂಕಿಲ್ಲದ ಜಾಗ.

ಕೆಲವು ವರ್ಷಗಳ ಹಿಂದೆ 29 ವಾರಕ್ಕೆ ಹುಟ್ಟಿದ್ದ ಹುಡುಗನೊಬ್ಬನನ್ನು ಒಂದೂವರೆ ವರ್ಷವಾದಾಗ ಕರೆತಂದರು. ನಡುವೆ ಒಮ್ಮೆಯೂ ತೋರಿಸಿರಲಿಲ್ಲ. ಮಡಿಲಲ್ಲಿ ನಿಲ್ಲಿಸಿದರೆ ಕಾಲು ಸೆಟೆದು ಬೆರಳ ತುದಿಯ ಮೇಲೆ ನಿಲ್ಲುತ್ತಿದ್ದ. "ನಮ್ಮ ಮೊಮ್ಮಗನ ಕಾಲು ಎಷ್ಟು ಗಟ್ಟಿ ನೋಡಿ ಡಾಕ್ಟ್ರೇ" ಎಂದರು ಅಜ್ಜಿ. ಆ ಗಟ್ಟಿತನವೇ ರೋಗವೆಂದು ಹೇಳಲು ನನಗೆ ನಾಲಗೆ ಏಳಲಿಲ್ಲ. ತಾಯಿ ಮಾತ್ರ ಅಳುತ್ತಾ, "ನಾನೇನು ತಪ್ಪು ಮಾಡಿದೆ?" ಎಂದು ಕೇಳಿದಳು. ಅವಳ ತಪ್ಪು ಏನೂ ಇರಲಿಲ್ಲ. ಮನೆಯವರೆದುರೇ ಅದನ್ನು ಎರಡು ಸಲ ಹೇಳಿದೆ.

ಇಂತಹ ಮಗುವಿನ ವಯಸ್ಸನ್ನು ಎಣಿಸುವಾಗ ಬೇಗ ಹುಟ್ಟಿದ ವಾರಗಳನ್ನು ಕಳೆಯಬೇಕು. ಹಾಗೆ ಕಳೆದ ಮೇಲೂ ನಾಲ್ಕು ತಿಂಗಳಿಗೆ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಿಗೆ ಕೂರದಿದ್ದರೆ, ಮುಷ್ಟಿ ಬಿಡಿಸದಿದ್ದರೆ, ಕಾಲು ಕತ್ತರಿಯಂತೆ ಹೆಣೆದರೆ ತಡಮಾಡದೆ ತೋರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇದಕ್ಕಾಗಿಯೇ ಜಿಲ್ಲಾ ಮಟ್ಟದ ಕೇಂದ್ರಗಳಿವೆ, ಖರ್ಚಿಲ್ಲ. ಎಳೆಯ ಮೆದುಳು ಬಳಸು ದಾರಿಗಳನ್ನು ಕಲಿಯಬಲ್ಲದು. ಮೊದಲ ಎರಡು ವರ್ಷದ ವ್ಯಾಯಾಮ ಆರನೆಯ ವರ್ಷದಲ್ಲಿ ಅಷ್ಟು ಫಲ ಕೊಡುವುದಿಲ್ಲ.

ಆ ಹುಡುಗ ಈಗ ಎರಡನೆಯ ತರಗತಿಯಲ್ಲಿದ್ದಾನೆ. ಲೆಕ್ಕದಲ್ಲಿ ಚುರುಕು. ಅವನ ತರಗತಿ ಇರುವುದು ಮಹಡಿಯ ಮೇಲೆ, ದಿನವೂ ಅಪ್ಪ ಬಂದು ಹೊತ್ತುಕೊಂಡು ಹತ್ತಿಸುತ್ತಾರೆ. ಈ ಸಂಸ್ಥೆಯ ಶಾಲೆಗಳಲ್ಲಿ ಅಂತಹ ಮಗುವಿದ್ದರೆ ಬರುವ ಜೂನ್‌ನಲ್ಲಿ ಆ ಒಂದು ತರಗತಿಯನ್ನು ಕೆಳಗೆ ತರುವಿರಾ ಎಂದು ಆಡಳಿತ ಮಂಡಳಿಯವರನ್ನು ಕೇಳಿಕೊಳ್ಳುತ್ತೇನೆ.