ಕಡಲುಗಳ್ಳರನ್ನು ಹಿಡಿದ ಮೇಲೆ



ಕಡಲುಗಳ್ಳರನ್ನು ಹಿಡಿಯುವುದು ಕಷ್ಟವೋ, ಹಿಡಿದ ಮೇಲೆ ಶಿಕ್ಷೆ ಕೊಡಿಸುವುದು ಕಷ್ಟವೋ? ಈ ಪ್ರಶ್ನೆ ನಮ್ಮ ದೇಶಕ್ಕೆ 1999ರಲ್ಲಿ ನೇರವಾಗಿ ಎದುರಾಯಿತು.

ಆ ವರ್ಷದ ಅಕ್ಟೋಬರಿನಲ್ಲಿ ಜಪಾನೀ ಒಡೆತನದ ‘ಅಲಾಂಡ್ರಾ ರೇನ್‌ಬೋ’ ಎಂಬ ಹಡಗು ಸುಮಾರು 7,000 ಟನ್ ಅಲ್ಯೂಮಿನಿಯಂ ಗಟ್ಟಿಗಳನ್ನು ಹೇರಿಕೊಂಡು ಇಂಡೋನೇಷ್ಯಾದ ಕ್ವಾಲಾ ತಾಂಜುಂಗ್ ಬಂದರಿನಿಂದ ಜಪಾನಿನತ್ತ ಹೊರಟಿತು. ಹೊರಟ ಸ್ವಲ್ಪ ಹೊತ್ತಿನಲ್ಲೇ ಶಸ್ತ್ರಧಾರಿಗಳು ಹತ್ತಿ ಅದನ್ನು ವಶಪಡಿಸಿಕೊಂಡರು. ಹದಿನೇಳು ಮಂದಿ ನಾವಿಕರನ್ನು ರಬ್ಬರ್ ತೆಪ್ಪಕ್ಕಿಳಿಸಿ ನಡುಗಡಲಿನಲ್ಲಿ ಬಿಟ್ಟರು. ಸುಮಾರು ಹತ್ತು ದಿನ ತೇಲಿದ ಮೇಲೆ ಥಾಯ್ ಮೀನುಗಾರರ ಕಣ್ಣಿಗೆ ಬಿದ್ದು ಅವರು ಬದುಕಿಕೊಂಡರು. ಅಷ್ಟರಲ್ಲಿ ಹಡಗಿನ ಮೇಲೆ ‘ಮೆಗಾ ರಾಮ’ ಎಂಬ ಹೊಸ ಹೆಸರು ಬರೆದಾಗಿತ್ತು, ಬೆಲೀಜ್ ದೇಶದ ಬಾವುಟ ಹಾರಿತ್ತು. ವಿಚಾರಿಸಿದರೆ ಬೆಲೀಜಿನ ದಫ್ತರದಲ್ಲಿ ಅಂಥ ಹಡಗೇ ಇಲ್ಲ! ನಮ್ಮ ಕರಾವಳಿ ರಕ್ಷಣಾ ಪಡೆಯ ‘ತಾರಾಬಾಯಿ’ ಮತ್ತು ನೌಕಾಪಡೆಯ ‘ಪ್ರಹಾರ್’ ಅದನ್ನು ಅರಬ್ಬೀ ಸಮುದ್ರದಲ್ಲಿ ಅಟ್ಟಿಸಿಕೊಂಡು ಹೋಗಿ ನವೆಂಬರ್ 16ರಂದು ಹಿಡಿದವು. ಒಳಗಿದ್ದವರು ಬೆಂಕಿ ಹಚ್ಚಿ, ನೀರು ನುಗ್ಗಿಸಿ ಹಡಗನ್ನು ಮುಳುಗಿಸಲು ನೋಡಿದರು. ನಮ್ಮವರು ಅದನ್ನು ಉಳಿಸಿ, ಹದಿನೈದು ಆರೋಪಿಗಳೊಡನೆ ಮುಂಬಯಿಗೆ ತಂದರು.

ಇಲ್ಲಿಂದ ಮುಂದೆ ತೊಡಕು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದಂತೆ ಮುಕ್ತ ಕಡಲಿನಲ್ಲಿ ಕಡಲುಗಳ್ಳರನ್ನು ಯಾವ ದೇಶ ಬೇಕಾದರೂ ಹಿಡಿದು ವಿಚಾರಣೆ ನಡೆಸಬಹುದು. ಆದರೆ ಯಾವ ಕಲಮಿನ ಅಡಿಯಲ್ಲಿ ಎಂಬುದನ್ನು ಆಯಾ ದೇಶವೇ ಬರೆದಿಟ್ಟುಕೊಳ್ಳಬೇಕು. ಕಡಲುಗಳ್ಳತನಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯಿದೆ ಇರಲಿಲ್ಲ. ಹಡಗು ಜಪಾನಿನವರದು, ಆರೋಪಿಗಳು ಇಂಡೋನೇಷ್ಯಾದವರು, ಕೃತ್ಯ ನಡೆದದ್ದು ಮಲಾಕ್ಕಾ ಜಲಸಂಧಿಯ ಕಡೆ. 2003ರಲ್ಲಿ ಮುಂಬಯಿಯ ಸೆಷನ್ಸ್ ನ್ಯಾಯಾಲಯ ಏಳು ವರ್ಷದ ಶಿಕ್ಷೆ ವಿಧಿಸಿತು. 2005ರಲ್ಲಿ ಹೈಕೋರ್ಟು ಅವರನ್ನು ಬಿಡುಗಡೆ ಮಾಡಿತು.

ಈ ಪ್ರಕರಣ ಅಕ್ಕಪಕ್ಕದ ದೇಶಗಳನ್ನೂ ಎಚ್ಚರಿಸಿತು. ಜಪಾನಿನ ಪ್ರಯತ್ನದಿಂದ ಏಷ್ಯಾದ ದೇಶಗಳ ನಡುವೆ ಪ್ರಾದೇಶಿಕ ಒಪ್ಪಂದವೊಂದು ರೂಪುಗೊಂಡು 2006ರಲ್ಲಿ ಜಾರಿಗೆ ಬಂತು. ಅದರ ಮಾಹಿತಿ ಕೇಂದ್ರ ಸಿಂಗಪುರದಲ್ಲಿದೆ. ಭಾರತವೂ ಅದರ ಸದಸ್ಯ. ಸ್ವಾರಸ್ಯವೆಂದರೆ, ಮಲಾಕ್ಕಾದ ಎರಡು ದಡಗಳಲ್ಲಿರುವ ಇಂಡೋನೇಷ್ಯಾ ಮತ್ತು ಮಲೇಷ್ಯಾ ಮಾತ್ರ ಹೊರಗೇ ಉಳಿದವು. 2004ರಲ್ಲಿ ಈ ಎರಡು ದೇಶಗಳೂ ಸಿಂಗಪುರವೂ ಸೇರಿ ಗಸ್ತು ಆರಂಭಿಸಿದಾಗಲೂ ಪ್ರತಿಯೊಂದೂ ತನ್ನ ತನ್ನ ನೀರಿನಲ್ಲೇ ಕಾವಲು ಕಾಯ್ದದ್ದು. ದೋಣಿಯಲ್ಲಿ ಓಡುವ ಕಳ್ಳನಿಗೆ ಇಂಥ ಗಡಿಗಳೇ ಆಸರೆ. ಆದರೂ ಗಸ್ತಿನ ಫಲ ಕಂಡಿತು. ಈ ಜಲಸಂಧಿಯನ್ನು 2005ರಲ್ಲಿ ಯುದ್ಧಭಯದ ಪ್ರದೇಶವೆಂದು ಪಟ್ಟಿಗೆ ಸೇರಿಸಿದ್ದ ಲಂಡನ್ನಿನ ವಿಮಾ ವಲಯದವರು ಮರುವರ್ಷವೇ ಅದನ್ನು ಕೈಬಿಟ್ಟರು.

ಆಮೇಲೆ ಸೊಮಾಲಿಯಾದ ಕಾಟ. 2008ರಿಂದ ನಮ್ಮ ನೌಕಾಪಡೆ ಏಡನ್ ಕೊಲ್ಲಿಯಲ್ಲಿ ವ್ಯಾಪಾರಿ ಹಡಗುಗಳಿಗೆ ಬೆಂಗಾವಲು ನೀಡತೊಡಗಿತು. 2011ರಲ್ಲಿ ಕಡಲುಗಳ್ಳರು ಲಕ್ಷದ್ವೀಪದ ಆಸುಪಾಸಿಗೇ ಬಂದರು. ನೂರಕ್ಕೂ ಹೆಚ್ಚು ಮಂದಿಯನ್ನು ಹಿಡಿದು ಮುಂಬಯಿಗೆ ತಂದಾಗ ಮತ್ತೆ ಅದೇ ಕಾನೂನಿನ ಪ್ರಶ್ನೆ. ಕೊನೆಗೆ 2022ರ ಡಿಸೆಂಬರಿನಲ್ಲಿ ಸಂಸತ್ತು ಕಡಲುಗಳ್ಳತನ ವಿರೋಧಿ ವಿಧೇಯಕವನ್ನು ಅಂಗೀಕರಿಸಿತು. ಇದರಲ್ಲಿ ಜೀವಾವಧಿ ಶಿಕ್ಷೆಗೆ ಅವಕಾಶವಿದೆ. ಸಾವು ಸಂಭವಿಸಿದರೆ ಮರಣದಂಡನೆಯೂ ಆಗಬಹುದು. ದೋಣಿಯಲ್ಲಿ ಆಯುಧ ಸಿಕ್ಕಂಥ ಕೆಲವು ಸಂದರ್ಭಗಳಲ್ಲಿ ತಾನು ನಿರಪರಾಧಿ ಎಂದು ಆರೋಪಿಯೇ ಸಾಬೀತು ಮಾಡಬೇಕು. ಈ ಅಂಶವನ್ನು ಎಚ್ಚರದಿಂದ ಬಳಸಬೇಕೆಂದು ನನ್ನ ಅಭಿಪ್ರಾಯ. ಕಡಲುಗಳ್ಳರು ಮೀನುಗಾರಿಕೆ ದೋಣಿಗಳನ್ನು ಕಿತ್ತುಕೊಂಡು, ಅದರ ಬಡ ಮೀನುಗಾರರನ್ನು ಒತ್ತೆಯಾಗಿಟ್ಟುಕೊಂಡೇ ತಿರುಗುತ್ತಾರೆ. ಹೀಗಿರುವಾಗ ಕಳ್ಳ ಯಾರು, ಒತ್ತೆಯಾಳು ಯಾರು ಎಂದು ಮೊದಲು ಬೇರ್ಪಡಿಸಬೇಕಲ್ಲವೆ?

2024ರ ಮಾರ್ಚಿನಲ್ಲಿ ‘ರುಯೆನ್’ ಎಂಬ ಹಡಗನ್ನು ‘ಐಎನ್‌ಎಸ್ ಕೋಲ್ಕತಾ’ ಸುಮಾರು 40 ಗಂಟೆಗಳ ಕಾರ್ಯಾಚರಣೆಯಲ್ಲಿ ಬಿಡಿಸಿತು. ಹದಿನೇಳು ನಾವಿಕರೂ ಸುರಕ್ಷಿತವಾಗಿ ಪಾರಾದರು. ಶರಣಾದ 35 ಮಂದಿಯನ್ನು ಹೊಸ ಕಾಯಿದೆಯಡಿ ಮುಂಬಯಿ ಪೊಲೀಸರಿಗೆ ಒಪ್ಪಿಸಲಾಯಿತು. ಈ ಸಲ ಕಲಮು ಹುಡುಕುವ ಪರದಾಟವಿಲ್ಲ. ಆದರೆ ಕಣ್ಣಾರೆ ಕಂಡ ನಾವಿಕರು ಬಲ್ಗೇರಿಯಾ, ಮ್ಯಾನ್ಮಾರ್, ಅಂಗೋಲಾ ದೇಶಗಳವರು. ಅವರ ಸಾಕ್ಷ್ಯ ಮುಂಬಯಿಯ ನ್ಯಾಯಾಲಯಕ್ಕೆ ತಲುಪಬೇಕು.