ಹೆಸರು ಹೇಳಿ ಹಾಡಿದವರು



ಕನ್ನಡದಲ್ಲಿ ಮೇಳ ಎಂಬ ಪದಕ್ಕೆ ಒಟ್ಟುಗೂಡುವುದು ಎಂಬ ಅರ್ಥವೂ ಇದೆ, ಹಾಡಿ ಆಡುವವರ ತಂಡ ಎಂಬ ಅರ್ಥವೂ ಇದೆ. ಊರಿನ ಭಜನಾ ಮಂಡಳಿ, ಸೋಬಾನೆ ಹಾಡುವ ಹೆಂಗಸರ ಗುಂಪು, ಸುಗ್ಗಿಯ ಕೋಲಾಟದ ತಂಡ, ಸಮುದಾಯದ ಜಾಥಾಗಳಲ್ಲಿ ಬೀದಿ ಬೀದಿ ಸುತ್ತಿ ಹಾಡಿದ ಯುವಕ ಯುವತಿಯರು ಎಲ್ಲರೂ ಈ ಪದದ ವ್ಯಾಪ್ತಿಗೆ ಬರುತ್ತಾರೆ. ಇವರಲ್ಲಿ ಬಹುಪಾಲು ಜನ ಹಾಡನ್ನು ಹೊಟ್ಟೆಪಾಡಾಗಿ ಮಾಡಿಕೊಂಡವರಲ್ಲ. ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ‘ಕಮ್ಯೂನಿಟಿ ಕ್ವಾಯರ್’ ಎಂದು ಕರೆಯುವ ವೃಂದಗಾನದ ಮೇಳಗಳು ಇದೇ ಬಗೆಯವು. ಶಿಕ್ಷಕರು, ದಾದಿಯರು, ಅಂಗಡಿಯವರು, ಗುಮಾಸ್ತರು ವಾರಕ್ಕೊಮ್ಮೆ ಕೆಲಸ ಮುಗಿಸಿ ಬಂದು ತಾಲೀಮು ನಡೆಸುತ್ತಾರೆ, ವರ್ಷಕ್ಕೆ ಕೆಲವು ಕಛೇರಿಗಳನ್ನು ಕೊಡುತ್ತಾರೆ. ಇಂಥ ಮೇಳವೊಂದು ಎಲ್ಲಿ, ಯಾವಾಗ, ಯಾರ ಮುಂದೆ ಹಾಡಿತು ಎಂಬ ಪಟ್ಟಿಯನ್ನು ಕ್ರಮವಾಗಿ ಓದಿದರೆ ಒಂದು ಸಮುದಾಯದ ಚರಿತ್ರೆಯೇ ಕಣ್ಣೆದುರು ನಿಲ್ಲುತ್ತದೆ. ಈ ಉಪನ್ಯಾಸದ ವಸ್ತು ಅಂಥ ಒಂದು ಪಟ್ಟಿ: 1978ರಲ್ಲಿ ಹುಟ್ಟಿದ ಸ್ಯಾನ್ ಫ್ರಾನ್ಸಿಸ್ಕೋ ಗೇ ಮೆನ್ಸ್ ಕೋರಸ್ ಎಂಬ ಮೇಳದ ಕಛೇರಿಗಳು.

ಆ ವರ್ಷದ ಕ್ಯಾಲಿಫೋರ್ನಿಯಾವನ್ನು ಮೊದಲು ನೆನೆಯಬೇಕು. ಸಲಿಂಗ ಪ್ರೇಮಿಗಳನ್ನೂ ಅವರ ಪರವಾಗಿ ಮಾತನಾಡುವವರನ್ನೂ ಸರಕಾರಿ ಶಾಲೆಗಳ ಕೆಲಸದಿಂದ ತೆಗೆದುಹಾಕಲು ಅವಕಾಶ ಕೊಡುವ ‘ಆರನೆಯ ಪ್ರಸ್ತಾವ’ ರಾಜ್ಯದ ಮತದಾರರ ಮುಂದಿತ್ತು. ಮತದಾನ ನವೆಂಬರ್ 7ಕ್ಕೆ ನಿಗದಿಯಾಗಿತ್ತು. ಅದಕ್ಕೆ ಸುಮಾರು ಒಂದು ವಾರ ಮೊದಲು, ಅಕ್ಟೋಬರ್ 30ರಂದು, ಸಂಗೀತ ಶಿಕ್ಷಕರಾಗಿದ್ದ ಜಾನ್ ಸಿಮ್ಸ್ ಕರೆದ ಮೊದಲ ತಾಲೀಮಿಗೆ ನೂರಕ್ಕೂ ಹೆಚ್ಚು ಗಂಡಸರು ಬಂದು ಸೇರಿದರು. ಮೇಳದ ಹೆಸರಿನಲ್ಲಿಯೇ ‘ಗೇ’ ಎಂಬ ಪದವಿತ್ತು. ಆ ಪದವನ್ನು ಹೆಸರಿನಲ್ಲಿ ಹೊತ್ತ ಮೊದಲ ಮೇಳಗಳಲ್ಲಿ ಇದೂ ಒಂದು. ಅಂದಿನ ದಿನಗಳಲ್ಲಿ ಕಾರ್ಯಕ್ರಮದ ಹಾಳೆಯಲ್ಲಿ ತನ್ನ ಹೆಸರು ಅಚ್ಚಾಗಲು ಒಪ್ಪುವುದೆಂದರೆ ಉದ್ಯೋಗವನ್ನೂ ಬಾಡಿಗೆಯ ಮನೆಯನ್ನೂ ತಂದೆತಾಯಿಯರ ಮಾತನ್ನೂ ಪಣಕ್ಕಿಟ್ಟಂತೆ. ಹಾಡಲು ಕಲಿಯುವುದಕ್ಕಿಂತ ಹೆಸರು ಕೊಡುವುದೇ ಅವರ ಮೊದಲ ಕಷ್ಟವಾಗಿತ್ತು.

ಪ್ರಸ್ತಾವ ಬಿದ್ದುಹೋಯಿತು. ಮತ ಹಾಕಿದವರಲ್ಲಿ ನೂರಕ್ಕೆ 58ಕ್ಕೂ ಹೆಚ್ಚು ಮಂದಿ ಅದನ್ನು ತಿರಸ್ಕರಿಸಿದರು. ಗೆಲುವಿನ ಸಂತೋಷ ಮೂರು ವಾರವೂ ಉಳಿಯಲಿಲ್ಲ. ನವೆಂಬರ್ 27ರಂದು ನಗರದ ಮೇಯರ್ ಜಾರ್ಜ್ ಮೊಸ್ಕೋನಿ ಅವರನ್ನೂ, ತಾನು ಗೇ ಎಂದು ಬಹಿರಂಗವಾಗಿ ಹೇಳಿಕೊಂಡೇ ಚುನಾವಣೆ ಗೆದ್ದಿದ್ದ ನಗರಾಡಳಿತ ಮಂಡಳಿಯ ಸದಸ್ಯ ಹಾರ್ವಿ ಮಿಲ್ಕ್ ಅವರನ್ನೂ ಅದೇ ಮಂಡಳಿಯ ಮಾಜಿ ಸದಸ್ಯ ಡ್ಯಾನ್ ವೈಟ್ ಸಿಟಿ ಹಾಲ್‌ನೊಳಗೇ ಗುಂಡಿಟ್ಟು ಕೊಂದ. ಅಂದು ರಾತ್ರಿ ಸಾವಿರಾರು ಜನ ಮೇಣದ ಬತ್ತಿ ಹಿಡಿದು ಕ್ಯಾಸ್ಟ್ರೊ ಬಡಾವಣೆಯಿಂದ ಮಾರ್ಕೆಟ್ ಬೀದಿಯ ಮೂಲಕ ಸಿಟಿ ಹಾಲ್‌ವರೆಗೆ ನಡೆದರು. ಇನ್ನೂ ಒಂದು ತಿಂಗಳು ತುಂಬದ ಮೇಳ ಆ ಕಟ್ಟಡದ ಮೆಟ್ಟಿಲುಗಳ ಮೇಲೆ ನಿಂತು ಮೆಂಡೆಲ್‌ಸನ್‌ನ ಒಂದು ಪ್ರಾರ್ಥನಾಗೀತೆಯನ್ನು ಹಾಡಿತು. ಅವರು ಸಾರ್ವಜನಿಕವಾಗಿ ಹಾಡಿದ್ದು ಅದೇ ಮೊದಲು. ಟಿಕೆಟ್ಟಿಲ್ಲ, ವೇದಿಕೆಯಿಲ್ಲ, ಚಪ್ಪಾಳೆ ತಟ್ಟುವ ಸಂದರ್ಭವೂ ಅದಲ್ಲ. ವಿಧಿವತ್ತಾದ ಮೊದಲ ಕಛೇರಿ ನಡೆದದ್ದು ಡಿಸೆಂಬರಿನಲ್ಲಿ, ಒಂದು ಶಾಲೆಯ ಸಭಾಂಗಣದಲ್ಲಿ. ಶಾಲೆಗಳಿಂದ ಇಂಥವರನ್ನು ಹೊರಗಟ್ಟಬೇಕೇ ಎಂದು ಇಡೀ ರಾಜ್ಯ ಮತ ಹಾಕಿ ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ.

1981ರಲ್ಲಿ ಮೇಳ ಅಮೆರಿಕದ ಒಂಬತ್ತು ನಗರಗಳಿಗೆ ಪ್ರವಾಸ ಹೋಯಿತು. ಕೇಳಿದವರಲ್ಲಿ ಅನೇಕರು ತಮ್ಮ ತಮ್ಮ ಊರುಗಳಲ್ಲಿ ಮೇಳ ಕಟ್ಟುವ ಉತ್ಸಾಹ ತಳೆದರು. ಮರುವರ್ಷವೇ ಇಂಥ ಮೇಳಗಳ ಒಕ್ಕೂಟವಾದ ‘ಗಾಲಾ ಕೋರಸಸ್’ ಹುಟ್ಟಿತು. ಆದರೆ 1981ರ ಜೂನ್ 5ರಂದೇ ಅಮೆರಿಕ ಸರಕಾರದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸಿನ ಐವರು ತರುಣರಿಗೆ ತಗುಲಿದ ಅಪರೂಪದ ಶ್ವಾಸಕೋಶದ ಸೋಂಕಿನ ಬಗ್ಗೆ ಒಂದು ಚಿಕ್ಕ ವರದಿ ಪ್ರಕಟವಾಗಿತ್ತು. ಮುಂದೆ ಏಡ್ಸ್ ಎಂಬ ಹೆಸರು ಪಡೆದ ಪಿಡುಗಿನ ಮೊದಲ ಅಧಿಕೃತ ದಾಖಲೆ ಅದು. ಮೇಳವನ್ನು ಕಟ್ಟಿದ ಜಾನ್ ಸಿಮ್ಸ್ 1984ರಲ್ಲಿ ಅದೇ ಕಾಯಿಲೆಯಿಂದ ತೀರಿಕೊಂಡರು.

ವೃಂದಗಾನದ ಕಸುಬಿನಲ್ಲಿ ಉಸಿರಾಟಕ್ಕೆ ಸಂಬಂಧಿಸಿದ ಒಂದು ಕಟ್ಟುಪಾಡಿದೆ. ಒಂದು ಸ್ವರವನ್ನು ಯಾವ ಒಬ್ಬ ಗಾಯಕನ ಉಸಿರಿಗೂ ನಿಲುಕದಷ್ಟು ದೀರ್ಘವಾಗಿ ಹಿಡಿಯಬೇಕಾದಾಗ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುವಂತಿಲ್ಲ. ಪಕ್ಕದವನು ಉಸಿರೆಳೆದುಕೊಳ್ಳುವಾಗ ಇವನು ಹಾಡುತ್ತಿರಬೇಕು, ಇವನು ನಿಲ್ಲಿಸಿದಾಗ ಅವನು ಮತ್ತೆ ಮೆಲ್ಲನೆ ಸೇರಿಕೊಳ್ಳಬೇಕು. ಕೇಳುವವರಿಗೆ ಸ್ವರ ತುಂಡಾದದ್ದು ತಿಳಿಯುವುದೇ ಇಲ್ಲ. ಎಂಬತ್ತು ತೊಂಬತ್ತರ ದಶಕಗಳಲ್ಲಿ ಈ ಕಟ್ಟುಪಾಡು ಮೇಳದ ಬದುಕಿನ ರೀತಿಯೇ ಆಯಿತು. ಒಂದು ಋತುವಿನಲ್ಲಿ ಜೊತೆಗೆ ಹಾಡಿದವನು ಮುಂದಿನ ಋತುವಿನಲ್ಲಿ ಆಸ್ಪತ್ರೆಯಲ್ಲಿರುತ್ತಿದ್ದ. ಅವನ ಜಾಗಕ್ಕೆ ಬಂದವನು ಅವನ ಶ್ರದ್ಧಾಂಜಲಿ ಸಭೆಯಲ್ಲಿ ಹಾಡುತ್ತಿದ್ದ. ಪಿಡುಗಿಗೆ ಬಲಿಯಾದ ಸದಸ್ಯರ ಸಂಖ್ಯೆ 300ನ್ನು ಮೀರುತ್ತದೆ. ಗಂಡಸರ ವೃಂದಗಾನದಲ್ಲಿ ಸಾಮಾನ್ಯವಾಗಿ ನಾಲ್ಕು ವಿಭಾಗಗಳಿರುತ್ತವೆ: ಎರಡು ಬಗೆಯ ಟೆನರ್, ಬ್ಯಾರಿಟೋನ್, ಬೇಸ್. ತೀರಿಕೊಂಡ ಸದಸ್ಯರನ್ನು ಈ ಮೇಳ ‘ಐದನೆಯ ವಿಭಾಗ’ ಎಂದು ಕರೆಯುತ್ತದೆ.

1993ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ಪತ್ರಿಕೆಯ ಛಾಯಾಗ್ರಾಹಕ ಎರಿಕ್ ಲೂಸ್ ತೆಗೆದ ಒಂದು ಚಿತ್ರ ಪ್ರಸಿದ್ಧವಾಗಿದೆ. ಅದರಲ್ಲಿ ಬೆರಳೆಣಿಕೆಯಷ್ಟು ಜನ ಮಾತ್ರ ಬಿಳಿ ಬಟ್ಟೆ ತೊಟ್ಟು ನೋಡುಗರಿಗೆ ಮುಖ ಮಾಡಿ ನಿಂತಿದ್ದಾರೆ. ಅವರು ಮೂಲ ಮೇಳದಲ್ಲಿ ಬದುಕುಳಿದವರು. ಉಳಿದ ಸಾಲುಗಳಲ್ಲಿ ಕಪ್ಪು ಬಟ್ಟೆಯವರು ಬೆನ್ನು ತಿರುಗಿಸಿ ನಿಂತು ಸತ್ತವರನ್ನು ಪ್ರತಿನಿಧಿಸುತ್ತಾರೆ. ಸರಕಾರ ಸುಮ್ಮನಿದ್ದ, ಅನೇಕ ಕುಟುಂಬಗಳು ಮಕ್ಕಳ ಹೆಣವನ್ನೂ ಸ್ವೀಕರಿಸದ ಕಾಲದಲ್ಲಿ ಸತ್ತವರನ್ನು ಹೆಸರು ಹಿಡಿದು ಎಣಿಸಿದ ಜಾಗಗಳಲ್ಲಿ ಈ ಮೇಳದ ಕಛೇರಿಗಳೂ ಸೇರಿವೆ.

ಪಟ್ಟಿಯ ಮುಂದಿನ ಒಂದು ಕಛೇರಿ ಭಾರತೀಯ ವಲಸಿಗರ ಮನೆಬಾಗಿಲಿಗೇ ಬರುತ್ತದೆ. 2014ರಲ್ಲಿ ಈ ಮೇಳ ‘ಟೈಲರ್ಸ್ ಸೂಟ್’ ಎಂಬ ಕೃತಿಯನ್ನು ಮೊದಲ ಬಾರಿಗೆ ಹಾಡಿತು. ಹಲವು ಸಂಯೋಜಕರು ಸೇರಿ ರಚಿಸಿದ ಈ ಕೃತಿ ಟೈಲರ್ ಕ್ಲೆಮೆಂಟಿಯ ನೆನಪಿಗಾಗಿ ಹುಟ್ಟಿದ್ದು. ಆತ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಆಗ ತಾನೆ ಕಾಲಿಟ್ಟಿದ್ದ 18 ವರ್ಷದ ಹುಡುಗ, ಪಿಟೀಲುವಾದಕ. 2010ರ ಸೆಪ್ಟೆಂಬರಿನಲ್ಲಿ, ತಾನು ಇನ್ನೊಬ್ಬ ಗಂಡಸಿನೊಡನೆ ಇದ್ದುದನ್ನು ಕೋಣೆಯ ಜೊತೆಗಾರ ವೆಬ್‌ಕ್ಯಾಮ್ ಮೂಲಕ ಇಣುಕಿ ನೋಡಿದನೆಂದು ತಿಳಿದ ಕೆಲವೇ ದಿನಗಳಲ್ಲಿ ಆತ ಪ್ರಾಣ ಬಿಟ್ಟ. ಆ ಜೊತೆಗಾರ ಭಾರತದಿಂದ ಬಂದ ಕುಟುಂಬದವನು. ಅವನಿಗೆ ಮೊದಲು ವಿಧಿಸಿದ ಶಿಕ್ಷೆ ಮೇಲ್ಮನವಿಯಲ್ಲಿ ರದ್ದಾಗಿ, 2016ರಲ್ಲಿ ಒಂದು ಆರೋಪವನ್ನು ಒಪ್ಪಿಕೊಳ್ಳುವುದರೊಂದಿಗೆ ಪ್ರಕರಣ ಮುಗಿಯಿತು. ನ್ಯಾಯಾಲಯದ ಕೆಲಸ ಅಲ್ಲಿಗೆ ತೀರಿತು, ಸಮುದಾಯದ ಕೆಲಸ ತೀರಲಿಲ್ಲ. ಇನ್ನೊಬ್ಬನ ಪ್ರೀತಿಯನ್ನು ಕುಚೋದ್ಯದ ವಸ್ತುವೆಂದು ತಿಳಿಯುವುದನ್ನು ಒಬ್ಬ ಹುಡುಗ ಎಲ್ಲಿ ಕಲಿಯುತ್ತಾನೆ? ಹೊರಗಿನ ಸಮಾಜ ಕಲಿಸುತ್ತದೆ, ನಿಜ. ಮನೆಯ ಮೌನವೂ ಕಲಿಸುತ್ತದೆ. ಒಬ್ಬ ತರುಣನ ಮೇಲೆ ಎಲ್ಲ ಹೊಣೆ ಹೊರಿಸಿ ಉಳಿದವರು ಕೈತೊಳೆದುಕೊಳ್ಳುವುದು ಸುಲಭ. ಮೇಳ ಹಾಡಿದ ಆ ಶೋಕಗೀತೆ ಅಂಥ ಸಲೀಸಾದ ಬಿಡುಗಡೆಗೆ ಅವಕಾಶ ಕೊಡುವುದಿಲ್ಲ.

2016ರ ಅಧ್ಯಕ್ಷೀಯ ಚುನಾವಣೆಯ ನಂತರ ಮೇಳ ದಕ್ಷಿಣದ ರಾಜ್ಯಗಳಿಗೆ ಹೋಗಲು ನಿರ್ಧರಿಸಿತು. 2017ರ ಅಕ್ಟೋಬರಿನಲ್ಲಿ ಓಕ್ಲೆಂಡಿನ ಸರ್ವಧರ್ಮೀಯ ಗಾಸ್ಪೆಲ್ ಮೇಳವನ್ನು ಜೊತೆಗೂಡಿಸಿಕೊಂಡು ಮಿಸ್ಸಿಸ್ಸಿಪ್ಪಿ, ಅಲಬಾಮಾ, ಟೆನ್ನೆಸ್ಸೀ ಮತ್ತು ಎರಡು ಕೆರೊಲಿನಾಗಳಲ್ಲಿ ಹಾಡಿತು. ಪ್ರವಾಸಕ್ಕೆ ‘ಲ್ಯಾವೆಂಡರ್ ಪೆನ್’ ಎಂದು ಹೆಸರಿಟ್ಟರು. 1978ರಲ್ಲಿ ಸಲಿಂಗ ಪ್ರೇಮಿಗಳ ಹಕ್ಕು ಕಾಯುವ ನಗರ ಕಾಯಿದೆಗೆ ಸಹಿ ಮಾಡಲು ಮಿಲ್ಕ್ ಅವರು ಮೊಸ್ಕೋನಿ ಅವರಿಗೆ ಕೊಟ್ಟ ನಸುನೇರಳೆ ಬಣ್ಣದ ಲೇಖನಿಯ ನೆನಪು ಅದು. ಸೆಲ್ಮಾದಲ್ಲಿ, 1965ರ ಮಾರ್ಚ್ 7ರಂದು ಮತದಾನದ ಹಕ್ಕಿಗಾಗಿ ನಡೆದ ಕಪ್ಪು ಜನರ ಮೇಲೆ ಪೊಲೀಸರು ಲಾಠಿ ಬೀಸಿದ ಎಡ್ಮಂಡ್ ಪೆಟಸ್ ಸೇತುವೆಯನ್ನು ಹಾಡುಗಾರರು ನಡೆದು ದಾಟಿದರು.

ಹಾಡಿನಿಂದ ಏನಾಯಿತು ಎಂದು ಕೇಳುವವರು ಇದ್ದಾರೆ, ಕೇಳಲೇಬೇಕು. ಧಾರ್ಮಿಕ ನಂಬಿಕೆಯ ಹೆಸರಿನಲ್ಲಿ ಸಲಿಂಗ ಪ್ರೇಮಿಗಳಿಗೆ ಸೇವೆ ನಿರಾಕರಿಸಲು ಅವಕಾಶ ಕೊಡುವ ಮಿಸ್ಸಿಸ್ಸಿಪ್ಪಿಯ ಕಾಯಿದೆ ಜಾರಿಗೆ ಬಂದದ್ದು ಅದೇ 2017ರ ಅಕ್ಟೋಬರಿನಲ್ಲಿ. ಮೇಳ ಹಾಡಿತೆಂದು ಯಾವ ಶಾಸಕನೂ ಮತ ಬದಲಿಸಲಿಲ್ಲ. ಕಾನೂನು ಬದಲಾಗುವುದು ಸಂಘಟನೆಯಿಂದ, ಮತದಿಂದ, ನ್ಯಾಯಾಲಯದ ದೀರ್ಘ ಹೋರಾಟದಿಂದ. ಹಾಗಿದ್ದೂ ಹೋರಾಟಕ್ಕೆ ಜನ ಬೇಕು, ಜನರಿಗೆ ಪರಸ್ಪರ ಮುಖಪರಿಚಯ ಬೇಕು. ತನ್ನಂಥವನು ಊರಿನಲ್ಲಿ ತಾನೊಬ್ಬನೇ ಎಂದು ತಿಳಿದವನು ಹೋರಾಟಕ್ಕೆ ಇಳಿಯಲಾರ. ಚಿಕ್ಕ ಊರಿನ ಚರ್ಚಿನ ಬೆಂಚಿನಲ್ಲಿ ಕುಳಿತು ಎದುರಿಗೆ ಇನ್ನೂರು ಜನ ನಿಂತು ಹಾಡುವುದನ್ನು ನೋಡಿದ ಮೇಲೆ ಆ ಎಣಿಕೆ ತಪ್ಪೆಂದು ಅವನಿಗೆ ಗೊತ್ತಾಗುತ್ತದೆ. ಸಮುದಾಯದ ಮೇಳ ರಾಜಕಾರಣಕ್ಕೆ ಕೊಡುವ ಕಾಣಿಕೆ ಇಷ್ಟೇ. ಇದು ಸಣ್ಣದಲ್ಲ.

ಕನ್ನಡಕ್ಕೆ ಇದು ಹೊರಗಿನ ಕಥೆಯೇ? ಸವದತ್ತಿ ಎಲ್ಲಮ್ಮನ ಜೋಗಪ್ಪಗಳು ಚೌಡಿಕೆ ಹಿಡಿದು ಹಾಡುತ್ತಾ ಬಂದದ್ದು ಯಾವ ವಿದೇಶಿ ಪ್ರಭಾವದಿಂದಲೂ ಅಲ್ಲ. ಆ ಪರಂಪರೆಯ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ವಸುಧೇಂದ್ರ ಅವರ ‘ಮೋಹನಸ್ವಾಮಿ’ ಗೇ ಬದುಕನ್ನು ಕನ್ನಡದ ಕಥಾಲೋಕದ ನಡುಮನೆಗೆ ತಂದಿತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ 377ನೆಯ ಕಲಮಿನ ಹಿಡಿತದಿಂದ ವಯಸ್ಕರ ಸಮ್ಮತಿಯ ಪ್ರೀತಿಯನ್ನು ಬಿಡಿಸಿತು; 2023ರ ಅಕ್ಟೋಬರಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ನಿರಾಕರಿಸಿತು. ಇತ್ತ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ದಕ್ಷಿಣ ಏಷ್ಯಾದ ಲೈಂಗಿಕ ಅಲ್ಪಸಂಖ್ಯಾತರು ‘ತ್ರಿಕೋನ್’ ಸಂಘಟನೆಯನ್ನು 1986ರಷ್ಟು ಹಿಂದೆಯೇ ಕಟ್ಟಿದ್ದರು. ಹಾಡುಗಾರರು ಇದ್ದಾರೆ, ಕಥೆಗಾರರು ಇದ್ದಾರೆ, ಸಂಘಟಕರೂ ಇದ್ದಾರೆ.

ಉಳಿದಿರುವ ಪ್ರಶ್ನೆ ವಲಸೆ ಬಂದ ಕನ್ನಡಿಗರ ವೇದಿಕೆಗೆ ಸೇರಿದ್ದು. ಹೊರನಾಡಿನ ಕನ್ನಡ ಕೂಟಗಳಲ್ಲಿ ವರ್ಷಕ್ಕೆ ಎರಡು ಮೂರು ಬಾರಿ ಸಮೂಹಗಾನ ನಡೆಯುತ್ತದೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ದೊಡ್ಡವರೂ ಮಕ್ಕಳೂ ಸಾಲಾಗಿ ನಿಂತು ಹಾಡುತ್ತಾರೆ. ಆ ಸಾಲಿನಲ್ಲಿ ಹದಿನೈದು ಹದಿನಾರರ ಒಬ್ಬ ಹುಡುಗನೋ ಹುಡುಗಿಯೋ ಮನೆಯಲ್ಲಿ ಹೇಳಲಾಗದ ಮಾತನ್ನು ಒಳಗಿಟ್ಟುಕೊಂಡು ಇಂದೂ ನಿಂತಿರಬಹುದು. ಪರದೇಶದಲ್ಲಿ ತಮ್ಮ ಭಾಷೆಗೆ, ಬಣ್ಣಕ್ಕೆ, ಹಬ್ಬಕ್ಕೆ ಗೌರವ ಕೇಳುವ ಜನ ತಮ್ಮದೇ ಸಾಲಿನಲ್ಲಿ ನಿಂತ ಮಗುವಿಗೆ ಅದೇ ಗೌರವ ಕೊಡಬೇಕಾದವರು. ಇದಕ್ಕೆ ದೊಡ್ಡ ನಿರ್ಣಯಗಳು ಬೇಕಿಲ್ಲ. ಜೋಡಿಯಾಗಿ ಬರುವ ಇಬ್ಬರು ಗಂಡಸರನ್ನೋ ಹೆಂಗಸರನ್ನೋ ಕೂಟದ ಸದಸ್ಯತ್ವದ ಹಾಳೆ ಒಂದು ಕುಟುಂಬವೆಂದು ಬರೆದುಕೊಳ್ಳಲಿ. ನಾಟಕದ ನಗೆಹನಿಗಳಲ್ಲಿ ಅವರನ್ನು ಆಡಿಕೊಳ್ಳುವುದು ನಿಲ್ಲಲಿ. ಜೋಗತಿಯರ ಹಾಡನ್ನು ವೇದಿಕೆಗೆ ತರುವಾಗ ಅದನ್ನು ಹಾಡುವವರ ಬದುಕಿನ ಬಗ್ಗೆಯೂ ನಾಲ್ಕು ಮಾತು ಬರಲಿ. ತಾಲೀಮಿಗೆ ಬಂದವರನ್ನು ಅವರು ಹೇಳಿಕೊಂಡ ಹೆಸರಿನಿಂದಲೇ ಕರೆಯಲಿ.

1978ರ ಅಕ್ಟೋಬರಿನ ಆ ಸಂಜೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆದದ್ದೂ ಹೆಚ್ಚೇನಲ್ಲ: ಯಾರೋ ಒಬ್ಬರು ಬಾಗಿಲು ತೆರೆದಿಟ್ಟರು, ಬಂದವರು ಹೆಸರು ಬರೆಸಿದರು, ತಾಲೀಮು ಶುರುವಾಯಿತು. ಮುಂದಿನ ರಾಜ್ಯೋತ್ಸವದ ತಾಲೀಮು ಯಾವ ಊರಿನಲ್ಲಿ ಆರಂಭವಾದರೂ ಅಲ್ಲಿನ ಬಾಗಿಲು ಅಷ್ಟು ತೆರೆದಿರಲಿ.