ರಕ್ತದಲ್ಲಿ ಬಿ.ಪಿ.ಯ ಗುರುತು



ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಈ ಭಾಗದಲ್ಲಿ ಬಿ.ಪಿ.ಯ ಮಾತು ತೆಗೆದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: “ಸಕ್ಕರಿ ರೋಗ ರಕ್ತದಾಗ ಗೊತ್ತಾಗತೈತಿ, ಬಿ.ಪಿ. ಯಾಕ ಗೊತ್ತಾಗಂಗಿಲ್ರಿ?” ಜಗತ್ತಿನ ದೊಡ್ಡ ಪ್ರಯೋಗಾಲಯಗಳೂ ಕೇಳಿಕೊಳ್ಳುತ್ತಿರುವ ಪ್ರಶ್ನೆ ಇದು. ಇಂದಿನ ಉಪನ್ಯಾಸದಲ್ಲಿ ಇದಕ್ಕೇ ಉತ್ತರ ಹೇಳುತ್ತೇನೆ.

ಸಕ್ಕರೆ ರಕ್ತದಲ್ಲಿ ಕರಗಿರುವ ವಸ್ತು, ಅಳೆಯಬಹುದು. ಬಿ.ಪಿ. ಅಂದರೆ ರಕ್ತದ ಒತ್ತಡ ವಸ್ತುವಲ್ಲ, ರಕ್ತನಾಳದ ಗೋಡೆಯ ಮೇಲೆ ಬೀಳುವ ಬಲ. ಹೃದಯ, ರಕ್ತನಾಳ, ಮೂತ್ರಪಿಂಡ, ನರಗಳು, ನಾವು ತಿನ್ನುವ ಉಪ್ಪು ಎಲ್ಲ ಸೇರಿ ಅದನ್ನು ಹುಟ್ಟಿಸುತ್ತವೆ. 2018ರಲ್ಲಿ ಹತ್ತು ಲಕ್ಷ ಜನರ ವಂಶವಾಹಿ ಪರೀಕ್ಷಿಸಿದ ಒಂದು ಅಧ್ಯಯನವು ಬಿ.ಪಿ.ಗೆ ನಂಟಿರುವ ತಾಣಗಳನ್ನು ನೂರುಗಟ್ಟಲೆ ಗುರುತಿಸಿತು. ಒಂದೊಂದರ ಪ್ರಭಾವವೂ ಅತ್ಯಲ್ಪ. ಇಷ್ಟು ಕಾರಣಗಳಿರುವ ಕಾಯಿಲೆಗೆ ಒಂದೇ ಒಂದು ಗುರುತು ರಕ್ತದಲ್ಲಿ ಸಿಗುವುದು ಕಷ್ಟ.

ಹಾಗಾದರೆ ರಕ್ತಪರೀಕ್ಷೆಯಿಂದ ಏನು ಉಪಯೋಗ? ಇದಕ್ಕೆ ಮಸ್ಕಿಯ ಶಾಸನದ ಬಂಡೆಯನ್ನೇ ನೆನೆಯೋಣ. ‘ದೇವಾನಂಪಿಯ’ ಎಂಬ ಬಿರುದಿನ ಶಾಸನಗಳು ದೇಶದ ತುಂಬ ಸಿಕ್ಕಿದ್ದವು. ಅದೇ ಬಿರುದು ಸಿಂಹಳದ ದೊರೆ ತಿಸ್ಸನಿಗೂ ಇತ್ತು. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು, ಆ ಶಾಸನಗಳು ಯಾರವೆಂದು ಅದರಿಂದ ಖಚಿತವಾಯಿತು. ಬಿ.ಪಿ.ಯ ಕಥೆಯೂ ಹೀಗೆಯೇ. ತೋಳಿಗೆ ಕಟ್ಟುವ ಪಟ್ಟಿ ತೋರಿಸುವ 160/100 ಎಂಬ ಅಂಕಿ ಒಂದು ಬಿರುದು. ಹಲವು ಬೇರೆ ಬೇರೆ ಕಾಯಿಲೆಗಳು ಆ ಬಿರುದನ್ನು ಹೊತ್ತು ಬರುತ್ತವೆ. ಬಂದದ್ದು ಯಾವುದು ಎಂದು ಹೆಸರು ಹಿಡಿದು ಹೇಳುವುದು ರಕ್ತದ ಕೆಲಸ.

ರಕ್ತದಲ್ಲಿ ಆ ಹೆಸರಿನ ಹುಡುಕಾಟ ಹಳೆಯದು. 1898ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಟೈಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಮೊಲದ ಮೂತ್ರಪಿಂಡದ ಸಾರವನ್ನು ಮೊಲಗಳಿಗೆ ಚುಚ್ಚಿದಾಗ ಬಿ.ಪಿ. ಏರಿತು. ಆ ಸಾರದಲ್ಲಿದ್ದ ವಸ್ತುವಿಗೆ ಅವರು ರೆನಿನ್ ಎಂದು ಹೆಸರಿಟ್ಟರು. ದೇಹದಲ್ಲಿ ಉಪ್ಪು, ನೀರು ಕಡಿಮೆಯಾದಾಗ ಮೂತ್ರಪಿಂಡ ರೆನಿನ್ ಬಿಡುತ್ತದೆ. ಅದರಿಂದ ಆಂಜಿಯೋಟೆನ್ಸಿನ್ ಹುಟ್ಟಿ ರಕ್ತನಾಳಗಳು ಬಿಗಿಯುತ್ತವೆ. ಜೊತೆಗೆ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿ ಆಲ್ಡೋಸ್ಟಿರೋನ್ ಸುರಿಸಿ ಉಪ್ಪನ್ನು ಹಿಡಿದಿಡುತ್ತದೆ.

1955ರಲ್ಲಿ ಅಮೆರಿಕದ ಮಿಚಿಗನ್‌ನ ವೈದ್ಯ ಜೆರೋಮ್ ಕಾನ್ ಒಬ್ಬ ಹೆಣ್ಣುಮಗಳ ಕಾಯಿಲೆಯನ್ನು ವಿವರಿಸಿದ. ಬಿ.ಪಿ. ಹೆಚ್ಚು, ಪೊಟ್ಯಾಸಿಯಂ ಕಡಿಮೆ, ಕೈಕಾಲಿನಲ್ಲಿ ಸೆಳೆತ, ನಿಶ್ಶಕ್ತಿ. ಆಕೆಯ ಅಡ್ರಿನಲ್ ಗ್ರಂಥಿಯಲ್ಲಿದ್ದ ಗಡ್ಡೆಯನ್ನು ತೆಗೆದ ಮೇಲೆ ಬಿ.ಪಿ. ಇಳಿಯಿತು. ಈ ಬಗೆಯ ಬಿ.ಪಿ.ಯಲ್ಲಿ ರೆನಿನ್ ತೀರ ಕಡಿಮೆ, ಆಲ್ಡೋಸ್ಟಿರೋನ್ ಹೆಚ್ಚು. ಎರಡರ ಅನುಪಾತ ನೋಡಿದರೆ ಅನುಮಾನ ಬರುತ್ತದೆ, ಮುಂದಿನ ಪರೀಕ್ಷೆಗಳಲ್ಲಿ ಖಚಿತವಾಗುತ್ತದೆ. ಇದು ಅಪರೂಪದ ಕಾಯಿಲೆ ಎಂದು ಬಹಳ ಕಾಲ ನಂಬಿದ್ದೆವು. ಬಿ.ಪಿ. ಇರುವ 100 ಮಂದಿಯಲ್ಲಿ 5ರಿಂದ 10 ಮಂದಿಗಾದರೂ ಇದಿದೆ ಎಂದು ಈಗ ತಿಳಿದಿದೆ. ಮೂರು ಗುಳಿಗೆ ನುಂಗಿದರೂ ಬಿ.ಪಿ. ಇಳಿಯದವರಲ್ಲಿ ಇನ್ನೂ ಹೆಚ್ಚು. ಗಡ್ಡೆ ಒಂದೇ ಕಡೆ ಇದ್ದರೆ ಶಸ್ತ್ರಚಿಕಿತ್ಸೆ ಇದೆ, ಇಲ್ಲದಿದ್ದರೆ ಸ್ಪೈರೊನೊಲ್ಯಾಕ್ಟೋನ್ ಎಂಬ ಹಳೆಯ ಗುಳಿಗೆ ಇದೆ. ರಕ್ತದ ಗುರುತು ಚಿಕಿತ್ಸೆಯನ್ನೇ ಬದಲಿಸುವ ಜಾಗ ಇದು. ನನ್ನ ಆಸೆಯೆಲ್ಲ ಇದರ ಮೇಲೆಯೇ.

ಬಿ.ಪಿ. ಬರುವ ಮೊದಲೇ ರಕ್ತದಲ್ಲಿ ಮುನ್ಸೂಚನೆ ಹುಡುಕುವ ಪ್ರಯತ್ನಗಳು ಇಷ್ಟು ಫಲ ಕೊಟ್ಟಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಿಂದ ನಡೆದಿರುವ ಅಧ್ಯಯನದವರು ಉರಿಯೂತ, ರಕ್ತ ಹೆಪ್ಪುಗಟ್ಟುವಿಕೆ, ಮೂತ್ರಪಿಂಡಗಳಿಗೆ ಸಂಬಂಧಿಸಿದ ಹಲವು ಗುರುತುಗಳನ್ನು ಒಟ್ಟಿಗೆ ಪರೀಕ್ಷಿಸಿದರು. ಕೆಲವಕ್ಕೆ ನಂಟಿತ್ತು. ಆದರೆ 2008ರಲ್ಲಿ ಅದೇ ಅಧ್ಯಯನದಿಂದ ಬಂದ ಭವಿಷ್ಯ ಹೇಳುವ ಲೆಕ್ಕದಲ್ಲಿ ವಯಸ್ಸು, ಗಂಡೋ ಹೆಣ್ಣೋ, ತೂಕ, ಇಂದಿನ ಬಿ.ಪಿ., ಬೀಡಿ-ಸಿಗರೇಟು, ತಂದೆತಾಯಿಗೆ ಬಿ.ಪಿ. ಇತ್ತೇ ಎಂಬುದಷ್ಟೇ ಇದೆ. ಒಂದು ಹನಿ ರಕ್ತವೂ ಬೇಕಿಲ್ಲ. “ಒಂದೇ ಪರೀಕ್ಷೆಯಲ್ಲಿ ನಿಮ್ಮ ಮುಂದಿನ ಬಿ.ಪಿ.” ಎಂದು ದುಬಾರಿ ಪ್ಯಾಕೇಜು ಮಾರುವವರು ಬಂದರೆ ಈ ಮಾತು ನೆನಪಿರಲಿ.

ರೆನಿನ್ ಪರೀಕ್ಷೆಯನ್ನೂ ಅವಸರದಲ್ಲಿ ಮಾಡುವಂತಿಲ್ಲ. ಬೆಳಿಗ್ಗೆ ಎದ್ದು ಎರಡು ತಾಸು ಓಡಾಡಿ, ಆಮೇಲೆ ತುಸು ಹೊತ್ತು ಕೂತು ರಕ್ತ ಕೊಡಬೇಕು. ಪೊಟ್ಯಾಸಿಯಂ ಮೊದಲೇ ಸರಿಹೋಗಿರಬೇಕು. ಕೆಲವು ಗುಳಿಗೆಗಳನ್ನು ವೈದ್ಯರು ಹೇಳಿದಂತೆ ವಾರಗಟ್ಟಲೆ ನಿಲ್ಲಿಸಬೇಕಾಗುತ್ತದೆ. ಇನ್ನೊಂದು ಸಂಗತಿ ನಮ್ಮ ಊರುಗಳಿಗೆ ಮುಖ್ಯ. ರಕ್ತವನ್ನು ತಂಪಾಗಿಟ್ಟರೆ ಕೆಡುವುದಿಲ್ಲ ಎಂಬುದು ಸಾಮಾನ್ಯ ತಿಳಿವಳಿಕೆ. ರೆನಿನ್ ವಿಷಯದಲ್ಲಿ ಇದು ತಿರುಗುಮುರುಗು. ಪ್ಲಾಸ್ಮಾ ಬೇರ್ಪಡಿಸುವ ಮೊದಲೇ ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟರೆ ಸುಪ್ತ ರೆನಿನ್ ಎಚ್ಚೆತ್ತು ಸುಳ್ಳು ಏರಿಕೆ ತೋರಿಸುತ್ತದೆ, ಇರುವ ಕಾಯಿಲೆ ಮುಚ್ಚಿಹೋಗುತ್ತದೆ. ಇಲ್ಲಿಂದ ಐಸ್ ಡಬ್ಬಿಯಲ್ಲಿ ಬೆಂಗಳೂರಿಗೋ ಹೈದರಾಬಾದಿಗೋ ರಾತ್ರಿ ಬಸ್ಸಿಗೆ ರಕ್ತ ಹಾಕಿ ಕಳಿಸಿದರೆ ಆಗುವುದು ಇದೇ. ಪ್ಲಾಸ್ಮಾವನ್ನು ಇಲ್ಲಿಯೇ ಬೇರ್ಪಡಿಸಿ, ಆಮೇಲೆ ಘನೀಕರಿಸಿ ಕಳಿಸುವ ವ್ಯವಸ್ಥೆ ರಾಯಚೂರು ಜಿಲ್ಲೆಯೊಳಗೇ ಬೇಕು.

ಅಳತೆಗೋಲು ಕೂಡ ನಮ್ಮದಾಗಬೇಕು. ಹೆಚ್ಚು ಉಪ್ಪು ತಿಂದರೆ ರೆನಿನ್ ಇಳಿಯುತ್ತದೆ, ಬೆವರಿನಲ್ಲಿ ಉಪ್ಪು ಹೋದರೆ ಏರುತ್ತದೆ. ತುಂಗಭದ್ರಾ ಎಡದಂಡೆ ನಾಲೆಯ ಕೆಳಗೆ ಉರಿಬಿಸಿಲಿನಲ್ಲಿ ಭತ್ತ ನಾಟಿ ಮಾಡುವ ಹೆಣ್ಣುಮಗಳು, ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಮೇಲೆ ಇಳಿಯುವ ಕಾರ್ಮಿಕ, ಇವರ ರಕ್ತ ಫ್ರೇಮಿಂಗ್‌ಹ್ಯಾಮ್‌ನ ದಾಖಲೆಗಳಲ್ಲಿ ಇಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ವರ್ಷಗಟ್ಟಲೆ ಹಿಂಬಾಲಿಸಿ ರಕ್ತ, ಬಿ.ಪಿ. ಎರಡನ್ನೂ ದಾಖಲಿಸುತ್ತಿದೆ. ಅದರ ಗುರಿ ಮೆದುಳಿನ ಮುಪ್ಪು. ಆದರೂ ಕನ್ನಡದ ಹಳ್ಳಿಯಲ್ಲಿ ಇಂಥ ಕೆಲಸ ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ಕಲ್ಯಾಣ ಕರ್ನಾಟಕಕ್ಕೂ ಅಂಥದೊಂದು ಬೇಕು.

ಅದು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕಿಟ್ಟು ಎರಡು ಸಲ ಬಿ.ಪಿ. ನೋಡಿಸಿಕೊಳ್ಳಿ. ಚಹಾ ಕುಡಿದು ಅರ್ಧ ತಾಸಾದರೂ ಆಗಿರಲಿ. ಬಿ.ಪಿ. ಇದ್ದವರು ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿ. ಮೂತ್ರಪಿಂಡದ ಸ್ಥಿತಿ ಹೇಳುವ ಈ ಸಾದಾ ಪರೀಕ್ಷೆಗಳೇ ಇಂದು ನಿಮಗೆ ಹೆಚ್ಚು ಉಪಯೋಗದವು. ನಾಟಿಯ ದಿನಗಳಲ್ಲಿ ಮೈಕೈ ನೋವಿಗೆಂದು ಅಂಗಡಿಯ ಗುಳಿಗೆ ನುಂಗುವುದನ್ನು ಬಿಡಿ, ಅವುಗಳಲ್ಲಿ ಹಲವು ಬಿ.ಪಿ. ಏರಿಸುತ್ತವೆ. ಗುಳೆ ಹೋಗುವಾಗ ಬಿ.ಪಿ. ಗುಳಿಗೆಯನ್ನೂ ಚೀಟಿಯನ್ನೂ ಗಂಟಿನಲ್ಲಿ ಕಟ್ಟಿಕೊಳ್ಳಿ. ಮೂರು ಗುಳಿಗೆಗೂ ಬಗ್ಗದಿದ್ದರೆ, ಅಥವಾ ಪೊಟ್ಯಾಸಿಯಂ ಕಡಿಮೆ ಇದ್ದರೆ, “ರೆನಿನ್, ಆಲ್ಡೋಸ್ಟಿರೋನ್ ನೋಡಬೇಕೇನ್ರಿ ಡಾಕ್ಟ್ರೇ?” ಎಂದು ಸಂಕೋಚಪಡದೆ ಕೇಳಿ.